ಮರೂನ್ ಡೋರ್ ಪ್ಯಾಡ್‌ಗೆ ಟ್ಯಾನ್ ಬಣ್ಣ: ಕೊಡಗಿನ ತೇವದಲ್ಲಿ ನಿಲ್ಲುತ್ತದೆಯೇ?

ಪದ್ಮಿನಿ_ಪೊನ್ನಂಪೇಟೆ

ಗಾಡಿ 1978ರ ಪ್ರೀಮಿಯರ್ ಪದ್ಮಿನಿ. ನಾಲ್ಕೂ ಡೋರ್ ಪ್ಯಾಡ್ (ಬಾಗಿಲಿನ ಒಳಮೈ ಹಲಗೆ), ಮುಂದಿನ ಕಿಕ್ ಪ್ಯಾನೆಲ್ (ಕಾಲಿನ ಪಕ್ಕದ ಹಲಗೆ), ಸನ್ ವೈಸರ್ ಎಲ್ಲ ಮರೂನ್ ರೆಕ್ಸಿನ್. ಸೀಟಿಗೆ ಟ್ಯಾನ್ ರೆಕ್ಸಿನ್ ಹಾಕಿಸಿ ಆಗಿದೆ, ಈಗ ಪ್ಯಾಡ್‌ಗಳು ಅದಕ್ಕೆ ಹೊಂದುತ್ತಿಲ್ಲ. ರೆಕ್ಸಿನ್ ಎಲ್ಲೂ ಹರಿದಿಲ್ಲ, ಒತ್ತುಪಟ್ಟಿಯ ಡಿಸೈನ್ ಪೂರ್ತಿ ಉಳಿದಿದೆ. ಡ್ರೈವರ್ ಕಡೆಯ ಪ್ಯಾಡ್‌ನ ಕೆಳ ಅಂಚು ಮಾತ್ರ ಉಬ್ಬಿದೆ, ಅಲ್ಲಲ್ಲಿ ಬೂಷ್ಟಿನ ಕಲೆ ಇದೆ. ಹಿಂದಿನವರು ವರ್ಷಗಟ್ಟಲೆ ಡ್ಯಾಶ್‌ಬೋರ್ಡ್ ಪಾಲಿಶ್ ಹಚ್ಚಿದ್ದಾರೆ, ಮುಟ್ಟಿದರೆ ಜಾರುತ್ತದೆ.

ಕೇಳಬೇಕಿರುವುದು ಮೂರು. ಬಣ್ಣ ಹೊಡೆಯುವುದೋ, ಹೊಸ ರೆಕ್ಸಿನ್ ಹಾಕಿಸುವುದೋ? ಸ್ಪ್ರೇ ಡಬ್ಬಿ ಸಾಕೋ, ಕಂಪ್ರೆಸರ್‌ನ ಸ್ಪ್ರೇ ಗನ್ ಬೇಕೋ? ಈಗ ಕಕ್ಕಡ (ಜುಲೈ–ಆಗಸ್ಟ್) ಮಳೆ, ಶೆಡ್ಡಿನೊಳಗೆ ಈ ಕೆಲಸ ಮಾಡಬಹುದೋ?

ಕುಶನ್‌ವರ್ಕ್_ಕುಶಾಲನಗರ

ಮೊದಲನೆಯದಕ್ಕೆ ಉತ್ತರ: ರೆಕ್ಸಿನ್ ಹರಿಯದೆ ಮೆತ್ತಗಿದ್ದರೆ ಬಣ್ಣವೇ ಸರಿ. ಆ ಪಟ್ಟಿಗಳನ್ನು ಹೊಲಿದಿಲ್ಲ. ಕಾರ್ಖಾನೆಯಲ್ಲಿ ಹೈ ಫ್ರೀಕ್ವೆನ್ಸಿ ಯಂತ್ರದ ಅಚ್ಚಿನಡಿ ಇಟ್ಟು, ರೆಕ್ಸಿನ್ನು ಕೆಳಗಿನ ಪದರಕ್ಕೆ ಕರಗಿ ಅಂಟುವಂತೆ ಒತ್ತಿದ್ದಾರೆ. ನಮ್ಮಂಥ ಕುಶನ್ ಅಂಗಡಿಗಳಲ್ಲಿ ಆ ಅಚ್ಚೂ ಇಲ್ಲ, ಯಂತ್ರವೂ ಇಲ್ಲ. 3 ಮಿಮೀ ಫೋಮ್ ಇಟ್ಟು ಹೊಲಿದು ಕೊಡಬಹುದು. ನೋಡಲು ಚೆನ್ನಾಗಿಯೇ ಇರುತ್ತದೆ, ಆದರೆ ಅದು ಪದ್ಮಿನಿಯ ಪ್ಯಾಡ್ ಆಗಿ ಉಳಿಯುವುದಿಲ್ಲ. ಒಮ್ಮೆ ಕಿತ್ತು ಎಸೆದ ಮೂಲ ಪ್ಯಾಡ್ ಮತ್ತೆ ಸಿಗುವುದೂ ಇಲ್ಲ.

ಹೊಸ ರೆಕ್ಸಿನ್ನೇ ಗತಿ ಅನ್ನುವ ಸಂದರ್ಭಗಳೂ ಇವೆ. ಒಂದು ಮೂಲೆಯನ್ನು ನಿಧಾನವಾಗಿ ಬಾಗಿಸಿ ನೋಡಿ. ಮಡಿಕೆಯಲ್ಲಿ ಬಿಳಿ ಗೆರೆ ಬಂದರೆ, ಕೂದಲೆಳೆಯಂಥ ಬಿರುಕು ಕಂಡರೆ, ಒಳಗಿನ ಮೆದುಕಾರಕ ಎಣ್ಣೆ ಆರಿಹೋಗಿದೆ. ಅದರ ಮೇಲೆ ಎಂಥ ಬಣ್ಣ ಹೊಡೆದರೂ ಬಿರುಕು ಮೇಲೆ ಬಂದೇ ಬರುತ್ತದೆ. ಬಟ್ಟೆಯ ಬೆನ್ನು ಕೊಳೆತು ರೆಕ್ಸಿನ್ ಹಿಂದಿನ ಹಾರ್ಡ್‌ಬೋರ್ಡಿನಿಂದ ಹಾಳೆಯಂತೆ ಎದ್ದು ಬರುತ್ತಿದ್ದರೂ ಅಷ್ಟೆ. ಹಾಗಾದಾಗ 54 ಇಂಚು ಅಗಲದ, 0.8ರಿಂದ 1 ಮಿಮೀ ದಪ್ಪದ ರೆಕ್ಸಿನ್ ಸುಮಾರು 3 ಮೀಟರ್ ತೆಗೆದುಕೊಂಡರೆ ನಾಲ್ಕು ಬಾಗಿಲಿಗೂ ಸಾಕು.

ಉಬ್ಬಿದ ಕೆಳ ಅಂಚನ್ನು ಬಣ್ಣಕ್ಕೆ ಮೊದಲೇ ಸರಿಮಾಡಿ. ಬಣ್ಣ ಆದಮೇಲೆ ಬೋರ್ಡ್ ಮುಟ್ಟಿದರೆ ಮಾಡಿದ್ದೆಲ್ಲ ಹಾಳು.

ಗೋಣಿಕೊಪ್ಪ_ಗನ್

ಮೂರನೆಯದಕ್ಕೆ: ಕಕ್ಕಡದಲ್ಲಿ ಬೇಡವೇ ಬೇಡ. ಶೆಡ್ಡು ಎಷ್ಟೇ ಭದ್ರವಾಗಿದ್ದರೂ ಗಾಳಿಯ ತೇವ 90 ಶೇಕಡಾ ಮೇಲೇ ಇರುತ್ತದೆ. ಬಣ್ಣದಲ್ಲಿರುವ ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಆ ತಂಪಿಗೆ ಗಾಳಿಯ ನೀರು ಒದ್ದೆ ಬಣ್ಣದ ಮೇಲೆಯೇ ಕೂರುತ್ತದೆ. ಆರಿದ ಮೇಲೆ ಹಾಲು ಚೆಲ್ಲಿದಂತೆ ಬಿಳಿಚಿಕೊಳ್ಳುತ್ತದೆ. ಟ್ಯಾನ್‌ನಲ್ಲಿ ಅದು ಬೂದಿ ಹಚ್ಚಿದಂತೆ ಕಾಣುತ್ತದೆ, ಒರೆಸಿದರೂ ಹೋಗುವುದಿಲ್ಲ.

ದಕ್ಷಿಣ ಕೊಡಗಿನಲ್ಲಿ ಇದಕ್ಕೆ ಒಳ್ಳೆಯ ಕಾಲ ಪುತ್ತರಿ (ಸುಗ್ಗಿ ಹಬ್ಬ) ಕಳೆದ ಮೇಲಿಂದ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವವರೆಗೆ. ಅದರಲ್ಲೂ ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರ. ಬೆಳಗಿನ ಮಂಜು ಪೂರ್ತಿ ಕರಗಿದ ಮೇಲೆ, ಅಂದರೆ 11 ಗಂಟೆಗೆ ಶುರುಮಾಡಿ 3 ಗಂಟೆಯೊಳಗೆ ಕೊನೆಯ ಕೋಟ್ ಮುಗಿಸಬೇಕು. ಸಂಜೆ ಚಳಿ ಇಳಿಯುವಾಗ ಒದ್ದೆ ಬಣ್ಣ ಇರಬಾರದು. ಚಿಕ್ಕ ಡಿಜಿಟಲ್ ತೇವಮಾಪಕ ಒಂದು ಗೋಡೆಗಿರಲಿ. 70 ಶೇಕಡಾ ಕೆಳಗೆ, ಉಷ್ಣತೆ 20ರಿಂದ 32 ಡಿಗ್ರಿ ಇದ್ದರೆ ಧೈರ್ಯವಾಗಿ ಹೊಡೆಯಿರಿ. 80 ದಾಟಿದರೆ ಗನ್ ಕೆಳಗಿಡಿ.

ಇನ್ನೊಂದು ಮಾತು. ಆ ತಿಂಗಳುಗಳಲ್ಲಿ ಕಾಫಿ ಕಣವೂ ನಡೆಯುತ್ತಿರುತ್ತದೆ. ಕಣದ ಪಕ್ಕ ಸ್ಪ್ರೇ ಮಾಡಿದರೆ ಒಣಸಿಪ್ಪೆಯ ಧೂಳು ಒದ್ದೆ ಬಣ್ಣದಲ್ಲಿ ಕೂತುಬಿಡುತ್ತದೆ. ಗಾಳಿ ಬೀಸುವ ದಿಕ್ಕು ನೋಡಿ ಜಾಗ ಹುಡುಕಿ, ನೆಲಕ್ಕೆ ನೀರು ಚಿಮುಕಿಸಿ ಅರ್ಧ ಗಂಟೆ ಬಿಟ್ಟು ಶುರುಮಾಡಿ. ನೆಲ ಬರೀ ನೆನೆದಂತಿರಬೇಕು, ನೀರು ನಿಲ್ಲಬಾರದು.

ರಸಾಯನ_ಸೋಮವಾರಪೇಟೆ

ಯಾವ ಬಣ್ಣ ಅನ್ನುವುದಕ್ಕೆ ಮೊದಲು ರೆಕ್ಸಿನ್ ಏನೆಂದು ತಿಳಿದಿರಬೇಕು. ಅದು ಬಟ್ಟೆಯ ಮೇಲೆ ಹರಡಿದ ಪಿವಿಸಿ. ಪಿವಿಸಿ ತಾನಾಗಿ ಪೈಪಿನಂತೆ ಗಟ್ಟಿ. ಅದನ್ನು ಮೆತ್ತಗೆ ಮಾಡುವುದು ಒಳಗೆ ಬೆರೆಸಿದ ಎಣ್ಣೆಯಂಥ ಪ್ಲಾಸ್ಟಿಸೈಸರ್. ಆ ಎಣ್ಣೆ ಜೀವನಪೂರ್ತಿ ಮೇಲ್ಮೈಗೆ ಬರುತ್ತಲೇ ಇರುತ್ತದೆ. ಹೊಸ ಕಾರಿನ ಗಾಜಿನ ಒಳಗೆ ಕಟ್ಟುವ ಮಸುಕು ಪದರದಲ್ಲೂ ಅದರದೇ ಪಾಲಿದೆ.

ಗೇಟಿಗೆ ಹೊಡೆಯುವ ಸಿಂಥೆಟಿಕ್ ಎನಾಮಲ್ ಇಲ್ಲಿ ಸೋಲುವುದು ಇದರಿಂದಲೇ. ಎಣ್ಣೆ ಎನಾಮಲ್‌ನೊಳಗೆ ಸೇರಿಕೊಂಡು ಬಣ್ಣ ತಿಂಗಳುಗಳಾದರೂ ಅಂಟಂಟಾಗಿ ಉಳಿಯುತ್ತದೆ, ಅಂಗಿ ತೋಳು ಹಿಡಿದುಕೊಳ್ಳುತ್ತದೆ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಇದಕ್ಕೆ ವಿರುದ್ಧ. ಬೇಗ ಆರುತ್ತದೆ, ಆದರೆ ಪೆಡಸು. ಪಟ್ಟಿಯ ತಗ್ಗಿನಲ್ಲಿ, ಅಂಚಿನ ಮಡಿಕೆಯಲ್ಲಿ ಮೊದಲ ಬೇಸಿಗೆಗೇ ಸೀಳುತ್ತದೆ.

ಉಳಿಯುವುದು ಮೂರು ದಾರಿ. ಒಂದು, ವಿನೈಲ್‌ಗೆಂದೇ (ಅಂದರೆ ಪಿವಿಸಿಗೆ) ಮಾಡಿದ ಸ್ಪ್ರೇ. ಸೆಮ್, ಡ್ಯೂಪ್ಲಿ-ಕಲರ್ ಇಂಥವು. ಡೈ ಎಂದು ಕರೆದರೂ ಅದು ಬಣ್ಣದ ಪದರವೇ. ಅದರ ಚುರುಕಾದ ದ್ರಾವಕ ಪಿವಿಸಿಯ ಮೇಲ್ಪದರವನ್ನು ಕ್ಷಣಕಾಲ ಮೆತ್ತಗೆ ಮಾಡುವುದರಿಂದ ಬಣ್ಣ ಕಚ್ಚಿಕೊಳ್ಳುತ್ತದೆ. ಎರಡು, ಲೆದರ್ ಮತ್ತು ವಿನೈಲ್‌ಗೆ ಬರುವ ನೀರು ಆಧಾರಿತ ಪಿಯು (ಪಾಲಿಯುರೆಥೇನ್) ಬಣ್ಣ, ಜೊತೆಗೆ ಅದನ್ನು ಬೆಸೆದು ಗಟ್ಟಿ ಮಾಡುವ ಕ್ರಾಸ್‌ಲಿಂಕರ್. ಮೂರು, ಬಂಪರ್‌ಗೆ ಬಳಸುವಂತೆ ಬಾಗುವ ಗುಣ ಕೊಡುವ ಫ್ಲೆಕ್ಸ್ ಅಡಿಟಿವ್ ಸೇರಿಸಿದ 2ಕೆ ಪಿಯು (ಬಣ್ಣಕ್ಕೆ ಹಾರ್ಡನರ್ ಕಲಸುವಂಥದ್ದು), ಅದಕ್ಕೆ ಹೊಳಪು ತಗ್ಗಿಸುವ ಮ್ಯಾಟಿಂಗ್ ಪೇಸ್ಟ್.

ಮರೂನ್ ಎಂದಿದ್ದೀರಿ, ಹಾಗಾಗಿ ಒಂದು ಪರೀಕ್ಷೆ ಮಾಡಲೇಬೇಕು. ವೈಸರ್‌ನ ಹಿಂಬದಿಯಲ್ಲಿ ಬಿಳಿ ಹತ್ತಿಯನ್ನು ಥಿನ್ನರ್‌ನಲ್ಲಿ ತೋಯಿಸಿ 30 ಸೆಕೆಂಡ್ ಒತ್ತಿಡಿ, ಉಜ್ಜಬೇಡಿ. ಹತ್ತಿ ಕೆಂಪಾದರೆ ಹಳೆಯ ವರ್ಣದ್ರವ್ಯ ದ್ರಾವಕದಲ್ಲಿ ಕರಗುತ್ತದೆ ಎಂದರ್ಥ. ಅದು ತಿಳಿ ಬಣ್ಣದ ಮೂಲಕ ಮೇಲೆ ಹರಿದು ಬಂದು ಗುಲಾಬಿ ಛಾಯೆ ಕೊಡುತ್ತದೆ, ಎಷ್ಟು ಕೋಟ್ ಹೊಡೆದರೂ ಪ್ರತಿ ಕೋಟಿನ ದ್ರಾವಕವೂ ಇನ್ನಷ್ಟು ಕೆಂಪನ್ನು ಎಳೆಯುತ್ತದೆ.

ಪದ್ಮಿನಿ_ಪೊನ್ನಂಪೇಟೆ

ಹತ್ತಿ ಪರೀಕ್ಷೆ ಮಾಡಿದೆ. ಹತ್ತಿ ಸ್ಪಷ್ಟವಾಗಿ ಗುಲಾಬಿಯಾಯಿತು. ಹಾಗಾದರೆ ಟ್ಯಾನ್ ಆಸೆ ಬಿಡಬೇಕೇ?

ರಸಾಯನ_ಸೋಮವಾರಪೇಟೆ

ಬಿಡಬೇಕಾಗಿಲ್ಲ, ಮೊದಲ ಪದರ ನೀರು ಆಧಾರಿತದ್ದಾಗಿರಲಿ. ನೀರಿಗೆ ಆ ಕೆಂಪು ಕರಗುವುದಿಲ್ಲ. ತಿಳಿ ಬೂದು ಬಣ್ಣದ ಎರಡು ತೆಳು ಕೋಟ್ ಕೊಟ್ಟು, ಪೂರ್ತಿ ಆರಿಸಿ, ಅದರ ಮೇಲೆ ಟ್ಯಾನ್ ಹೊಡೆಯಿರಿ. ಬೂದು ನೆಲ ಇನ್ನೊಂದು ಉಪಕಾರ ಮಾಡುತ್ತದೆ: ಕೆಂಪಿನ ಮೇಲೆ ನೇರವಾಗಿ ತಿಳಿ ಬಣ್ಣ ಹಾಕಿದರೆ ಬರುವ ಕಿತ್ತಳೆ ಛಾಯೆಯನ್ನು ತಡೆಯುತ್ತದೆ. ಮೇಲಿನ ಟ್ಯಾನ್ ಕೂಡ ನೀರಿನದೇ ಆದರೆ ಇನ್ನೂ ಒಳ್ಳೆಯದು.

ಕ್ರೀಮ್ ಬದಲು ಟ್ಯಾನ್ ಆರಿಸಿದ್ದು ನಿಮ್ಮ ಪುಣ್ಯ. ಟ್ಯಾನ್ ಬರುವುದು ಹಳದಿ ಮತ್ತು ಕೆಂಪು ಐರನ್ ಆಕ್ಸೈಡ್, ಟೈಟಾನಿಯಂ ಬಿಳಿ, ಸ್ವಲ್ಪ ಕಪ್ಪು ಸೇರಿಸಿ. ಇವೆಲ್ಲ ಚೆನ್ನಾಗಿ ಮುಚ್ಚುವ ವರ್ಣದ್ರವ್ಯಗಳು, ಬಿಸಿಲಿಗೂ ಮಾಸುವುದಿಲ್ಲ. ಹೊಳೆಯುವ ಹಳದಿ, ಕಿತ್ತಳೆಗೆ ಬಳಸುವ ಸಾವಯವ ವರ್ಣದ್ರವ್ಯಗಳಲ್ಲಿ ಬಹಳಷ್ಟು ಅರೆಪಾರದರ್ಶಕ, ಅವಕ್ಕೆ ಎರಡರಷ್ಟು ಕೋಟ್ ಬೇಕು. ಕೋಟ್ ಹೆಚ್ಚಿದಷ್ಟೂ ರೆಕ್ಸಿನ್ನಿನ ಮೇಲಿನ ಚರ್ಮದಂಥ ಸಣ್ಣ ನೆರಿಗೆ ಮುಚ್ಚುತ್ತದೆ, ಬಿರುಕಿನ ಭಯವೂ ಹೆಚ್ಚು. ಕಿಕ್ ಪ್ಯಾನೆಲ್‌ಗೆ ಮೆತ್ತುವ ನಮ್ಮ ಕೆಮ್ಮಣ್ಣು ಕೂಡ ಟ್ಯಾನ್‌ನಲ್ಲಿ ಅಷ್ಟು ಎದ್ದು ಕಾಣುವುದಿಲ್ಲ.

ಅಂಬಾಸಿಡರ್_ಸಿದ್ದಾಪುರ

ಪ್ಯಾಡ್ ಬಿಚ್ಚುವ ಬಗ್ಗೆ ಯಾರೂ ಹೇಳಲಿಲ್ಲ. ಅರ್ಧ ಪ್ಯಾಡ್‌ಗಳು ಮುರಿಯುವುದು ಅಲ್ಲೇ.

ಗ್ಲಾಸ್ ಹ್ಯಾಂಡಲ್‌ನ ಹಿಂದಿನ ಬಿಲ್ಲೆಯನ್ನು ಪ್ಯಾಡ್ ಕಡೆಗೆ ಒತ್ತಿ ಹಿಡಿದು ಟಾರ್ಚ್ ಬಿಡಿ. ಅಡ್ಡ ಪಿನ್ ಕಂಡರೆ ತೆಳು ಪಂಚ್‌ನಿಂದ ನೂಕಿ ತೆಗೆಯಿರಿ, ಪಿನ್ ಬಾಗಿಲ ಸಂದಿಗೆ ಹಾರದಂತೆ ಕೆಳಗೆ ಬಟ್ಟೆ ಹಿಡಿಯಿರಿ. ಪಿನ್ ಬದಲು ಸ್ಪ್ರಿಂಗ್ ಕ್ಲಿಪ್ ಇದ್ದರೆ ಹ್ಯಾಂಡಲ್ ಮತ್ತು ಬಿಲ್ಲೆಯ ನಡುವೆ ತೆಳು ಬಟ್ಟೆಯ ಪಟ್ಟಿ ತೂರಿಸಿ ಎರಡೂ ಕಡೆ ಹಿಡಿದು ಆಚೀಚೆ ಎಳೆದರೆ ಕ್ಲಿಪ್ ಹೊರಬರುತ್ತದೆ. ಆರ್ಮ್‌ರೆಸ್ಟ್ ಸ್ಕ್ರೂ ಕೆಳಗಿನಿಂದ ಇರುತ್ತದೆ. ಇವೆಲ್ಲ ಹೋದ ಮೇಲೆ ಅಗಲ ಬಾಯಿಯ ಟ್ರಿಮ್ ಲಿವರ್ ಅಥವಾ ಚಪ್ಪಟೆ ಬಿದಿರಿನ ಸೀಳನ್ನು ಕ್ಲಿಪ್ಪಿನ ಬುಡಕ್ಕೇ ಹಾಕಿ ಎತ್ತಬೇಕು. ಎರಡು ಕ್ಲಿಪ್‌ಗಳ ನಡುವೆ ಮೀಟಿದರೆ ಹಳೆಯ ಹಾರ್ಡ್‌ಬೋರ್ಡ್ ಹಪ್ಪಳದಂತೆ ಮುರಿಯುತ್ತದೆ. ಸ್ಕ್ರೂ ಡ್ರೈವರ್ ಬಳಸಬೇಡಿ.

ಪ್ಯಾಡ್‌ನ ಬೆನ್ನಿಗೆ ಎಡ, ಬಲ, ಮುಂದೆ, ಹಿಂದೆ ಎಂದು ಪೆನ್ಸಿಲ್‌ನಲ್ಲಿ ಬರೆಯಿರಿ. ಮಾರ್ಕರ್ ಪೆನ್ ಬೇಡ, ಅದರ ಶಾಯಿ ರೆಕ್ಸಿನ್‌ಗೆ ತಗುಲಿದರೆ ಬಣ್ಣದ ಮೂಲಕ ಮೇಲೇಳುತ್ತದೆ.

ಉಬ್ಬಿದ ಅಂಚಿಗೆ: ಕೆಳಗಿನ 8–10 ಸೆಂಮೀ ರೆಕ್ಸಿನ್‌ನ ಮಡಿಕೆಯನ್ನು ಹೇರ್ ಡ್ರೈಯರ್ ಬಿಸಿ ತೋರಿಸಿ ನಿಧಾನವಾಗಿ ಬಿಡಿಸಿ. ಉಬ್ಬಿದ ಬೋರ್ಡನ್ನು ಕತ್ತರಿಸಿ ತೆಗೆದು, ಅದೇ ಅಳತೆಯ 3 ಮಿಮೀ ತುಂಡನ್ನು ಬೆನ್ನಿಗೆ ತೆಳು ಪಟ್ಟಿ ಕೊಟ್ಟು ಎಪಾಕ್ಸಿಯಲ್ಲಿ ಕೂಡಿಸಿ. ಬೆಸುಗೆಯ ಗೆರೆ ಮುಂದೆ ಕಾಣದಂತೆ ಮರಳು ಕಾಗದದಲ್ಲಿ ಸಮ ಮಾಡಿ. ಬೆನ್ನಿಗೂ ಕ್ಲಿಪ್ ರಂಧ್ರಗಳ ಒಳಗೂ ಪಿಯು ವಾರ್ನಿಶ್ ಎರಡು ಕೈ ಬಳಿಯಿರಿ. ಬೋರ್ಡ್ ಇಡಿಯಾಗಿ ಹೋಗಿದ್ದರೆ ಹಳೆಯದನ್ನು ಅಚ್ಚಾಗಿಟ್ಟು ಹೊಸದು ಕತ್ತರಿಸಿ, ರಂಧ್ರಗಳನ್ನು ಮೊದಲು ಗುರುತು ಹಾಕಿಕೊಳ್ಳಿ.

ನೀರು ಬಂದದ್ದು ಎಲ್ಲಿಂದ ಅನ್ನುವುದು ಇದಕ್ಕಿಂತ ಮುಖ್ಯ. ಗಾಜಿನ ಪಕ್ಕದ ರಬ್ಬರ್‌ನಿಂದ ಬಾಗಿಲೊಳಗೆ ನೀರು ಇಳಿಯುವುದು ಸಹಜ, ಅದು ತಳದ ರಂಧ್ರಗಳಿಂದ ಹೊರಹೋಗಬೇಕು. ಆ ರಂಧ್ರಗಳು ಮಣ್ಣು, ಎಲೆಯಿಂದ ಕಟ್ಟಿಕೊಂಡರೆ ಬಾಗಿಲು ತೊಟ್ಟಿಯಾಗುತ್ತದೆ. ತಂತಿ ಹಾಕಿ ಬಿಡಿಸಿ, ಮಗ್ಗಿನಿಂದ ನೀರು ಸುರಿದು ಹರಿದು ಹೋಗುವುದನ್ನು ಕಣ್ಣಾರೆ ನೋಡಿ. ಪ್ಯಾಡ್ ಮತ್ತು ತಗಡಿನ ನಡುವೆ 200 ಮೈಕ್ರಾನ್ ಪಾಲಿಥಿನ್ ಹಾಳೆಯನ್ನು ಬ್ಯೂಟೈಲ್ ಟೇಪ್‌ನಲ್ಲಿ ಅಂಟಿಸಿ. ಹಾಳೆಯ ಕೆಳ ಅಂಚನ್ನು ಬಾಗಿಲಿನ ಒಳಕ್ಕೆ ತೂರಿಸಬೇಕು, ಹೊರಗೆ ಬಿಟ್ಟರೆ ಇಳಿದ ನೀರೆಲ್ಲ ನೇರವಾಗಿ ಹಾರ್ಡ್‌ಬೋರ್ಡಿಗೇ ಹೋಗುತ್ತದೆ. ಕೊಡಗಿನ ಗಾಡಿಗಳಲ್ಲಿ ಈ ಹಾಳೆ ಇಲ್ಲದೆ ಬಣ್ಣ ಹೊಡೆಸುವುದು ದುಡ್ಡು ಮಳೆಗೆ ಹಾಕಿದಂತೆ.

ಕುಶನ್‌ವರ್ಕ್_ಕುಶಾಲನಗರ

ಈಗ ತೊಳೆಯುವ ಕೆಲಸ. ಬಣ್ಣ ಹೊಡೆಯಲು ಒಂದು ಮಧ್ಯಾಹ್ನ ಸಾಕು, ತೊಳೆಯಲು ಎರಡು ದಿನ ಇಟ್ಟುಕೊಳ್ಳಿ. ಬಣ್ಣ ಸಿಪ್ಪೆ ಎದ್ದ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಕಾರಣ ಇಲ್ಲೇ ಇರುತ್ತದೆ. ಡಬ್ಬಿಯ ಬಣ್ಣಕ್ಕೆ ಸುಮ್ಮನೆ ಕೆಟ್ಟ ಹೆಸರು.

ನಿಮ್ಮ ಪ್ಯಾಡ್ ಜಾರುತ್ತಿದೆ ಎಂದರೆ ಸಿಲಿಕೋನ್ ಇದೆ. ಎಲ್ಲಕ್ಕಿಂತ ಮೊದಲು, ನೀರು ಹಾಕುವ ಮುಂಚೆಯೇ, ಪೇಂಟ್ ಅಂಗಡಿಯಲ್ಲಿ ಸಿಗುವ ವ್ಯಾಕ್ಸ್ ಆಂಡ್ ಗ್ರೀಸ್ ರಿಮೂವರ್‌ನಿಂದ ಒರೆಸಿ. ಎರಡು ಬಟ್ಟೆ ಬೇಕು. ಒಂದು ಒದ್ದೆ, ಇನ್ನೊಂದು ಒಣ. ಅಂಗೈ ಅಗಲದಷ್ಟು ಜಾಗ ಒದ್ದೆ ಮಾಡಿ, ಆರುವ ಮುಂಚೆಯೇ ಒಣ ಬಟ್ಟೆಯಲ್ಲಿ ಎತ್ತಿಕೊಳ್ಳಿ. ಆರಲು ಬಿಟ್ಟರೆ ಸಿಲಿಕೋನ್ ಅಲ್ಲೇ ಮತ್ತೆ ಕೂರುತ್ತದೆ. ಬಟ್ಟೆಯ ಮಗ್ಗುಲನ್ನು ಪ್ರತಿ ಬಾರಿ ಬದಲಿಸಿ. ಇಡೀ ಪ್ಯಾಡ್ ಹೀಗೆ ಮೂರು ಸಲ.

ಆಮೇಲೆ ಬೆಚ್ಚನೆಯ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್, ಲೀಟರಿಗೆ 10 ಮಿಲೀ. ಮೆತ್ತಗಿನ ನೈಲಾನ್ ಬ್ರಷ್‌ನಿಂದ ಪಟ್ಟಿಯ ತಗ್ಗುಗಳನ್ನು ಉದ್ದಕ್ಕೆ ಉಜ್ಜಿ. ಬೆರಳಿನ ಕೊಳೆ, ಕೂದಲೆಣ್ಣೆ ಎಲ್ಲ ಕೂತಿರುವುದು ಆ ತಗ್ಗಿನಲ್ಲೇ. ಪ್ಯಾಡನ್ನು ಬಕೆಟ್‌ನಲ್ಲಿ ಮುಳುಗಿಸಬೇಡಿ, ನಲ್ಲಿ ಕೆಳಗೂ ಹಿಡಿಯಬೇಡಿ. ಬೋರ್ಡ್ ನೀರು ಕುಡಿದರೆ ಮುಗಿಯಿತು. ನೊರೆ ಮಾತ್ರ ಬಳಸಿ, ಒದ್ದೆ ಬಟ್ಟೆಯಿಂದ ನೊರೆ ಪೂರ್ತಿ ಹೋಗುವವರೆಗೆ ಒರೆಸಿ. ಸೋಪಿನ ಅಂಶ ಉಳಿದರೆ ಅದೂ ಬಣ್ಣವನ್ನು ಬಿಡಿಸುತ್ತದೆ.

ಬೂಷ್ಟಿಗೆ 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಬಟ್ಟೆಯಲ್ಲಿ ತೋಯಿಸಿ ಒರೆಸಿ. ಬೋರ್ಡಿನ ಬೆನ್ನಿಗೆ, ವಾರ್ನಿಶ್ ಮಾಡುವ ಮುಂಚೆ, ಲೀಟರ್ ಬಿಸಿನೀರಿಗೆ 50 ಗ್ರಾಂ ಬಿಳಿಗಾರ ಕರಗಿಸಿ ಬ್ರಷ್‌ನಲ್ಲಿ ತೆಳುವಾಗಿ ಬಳಿದು ಒಣಗಿಸಿ. ಬೆನ್ನಿನ ಬೂಷ್ಟು ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಅಂಚಿನಿಂದ ಮತ್ತೆ ಮುಂದಕ್ಕೆ ಬರುತ್ತದೆ.

ಸ್ವಚ್ಛವಾಯಿತೋ ಇಲ್ಲವೋ ಎಂದು ತಿಳಿಯಲು ಒಂದಿಷ್ಟು ನೀರು ಸಿಂಪಡಿಸಿ. ನೀರು ಹಾಳೆಯಂತೆ ಹರಡಿ ಇಳಿದರೆ ಸರಿ, ಮುತ್ತುಮುತ್ತಾಗಿ ನಿಂತರೆ ಎಣ್ಣೆ ಇನ್ನೂ ಇದೆ. ಇದು ಆದ ಮೇಲೆ ಬೂದು ಬಣ್ಣದ ಅತಿ ನುಣುಪು ಸ್ಕಾಚ್‌ಬ್ರೈಟ್‌ನಿಂದ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ. ಹಸಿರು ಬಣ್ಣದ್ದು ಬೇಡ, ಗೀರು ಬಿಡುತ್ತದೆ. ಸ್ವಚ್ಛ ಮಾಡುವ ಮುಂಚೆ ಯಾವುದರಿಂದಲೂ ಉಜ್ಜಬೇಡಿ, ಸಿಲಿಕೋನ್ ಒಳಕ್ಕೆ ಇಳಿಯುತ್ತದೆ.

ರಸಾಯನ_ಸೋಮವಾರಪೇಟೆ

ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ಕಲೆ ಕಪ್ಪಾಗಿದ್ದರೆ ಒರೆಸಿದಾಗ ಹೋಗುತ್ತದೆ. ಗುಲಾಬಿ ಕಲೆ ಬೇರೆ ಜಾತಿ. ಕೆಲವು ಸೂಕ್ಷ್ಮಜೀವಿಗಳು ಬಿಡುವ ಬಣ್ಣ ಪ್ಲಾಸ್ಟಿಸೈಸರ್‌ನಲ್ಲಿ ಕರಗಿ ಪಿವಿಸಿಯೊಳಗೇ ಇಳಿದಿರುತ್ತದೆ, ಯಾವ ಸೋಪಿಗೂ ಬಗ್ಗುವುದಿಲ್ಲ. ಮರೂನ್‌ನಲ್ಲಿ ಅದು ಕಾಣುವುದಿಲ್ಲ, ಟ್ಯಾನ್ ಹೊಡೆದ ಮೇಲೆ ಮೇಲೇಳಬಹುದು. ಬೂದು ಪದರ ಹೊಡೆದು ವಾರ ಬಿಟ್ಟು ನೋಡಿ, ಬರುವುದಿದ್ದರೆ ಅಷ್ಟರಲ್ಲಿ ಸುಳಿವು ಸಿಗುತ್ತದೆ.

ಅಸಿಟೋನ್, ಎನ್‌ಸಿ ಥಿನ್ನರ್ ಸುರಿದು ಉಜ್ಜುವುದನ್ನು ಅಲ್ಲಲ್ಲಿ ನೋಡಿದ್ದೇನೆ. ಅದು ಕೊಳೆಯ ಜೊತೆ ಮೆದುಕಾರಕವನ್ನೂ ಎಳೆದುಹಾಕಿ ರೆಕ್ಸಿನ್ನನ್ನು ಗಟ್ಟಿ ಮಾಡುತ್ತದೆ, ಮೇಲಿನ ಸಣ್ಣ ನೆರಿಗೆಯನ್ನು ಅಳಿಸುತ್ತದೆ.

ಗೋಣಿಕೊಪ್ಪ_ಗನ್

ಬಣ್ಣದ ಲೆಕ್ಕ ಹೇಳುತ್ತೇನೆ. ನಾಲ್ಕು ಪ್ಯಾಡ್, ಕಿಕ್ ಪ್ಯಾನೆಲ್, ವೈಸರ್ ಸೇರಿ ಸುಮಾರು 2.2 ಚದರ ಮೀಟರ್ ಎಂದಿಟ್ಟುಕೊಳ್ಳಿ. ಗಾಳಿಗೆ ಹೋಗುವುದೂ ಸೇರಿ ಒಂದು ತೆಳು ಕೋಟಿಗೆ ಚದರ ಮೀಟರಿಗೆ 70 ಮಿಲೀ. ನಾಲ್ಕು ಕೋಟಿಗೆ ಸುಮಾರು 620 ಮಿಲೀ. ಟ್ಯಾನ್ 750 ಮಿಲೀ, ಬೂದು ನೆಲಕ್ಕೆ 350 ಮಿಲೀ ತನ್ನಿ. ಟ್ಯಾನ್ ಒಂದೇ ಸಲ ಕಲಸಬೇಕು, ಎರಡು ಸಲ ಕಲಸಿದರೆ ಒಂದು ಬಾಗಿಲು ಇನ್ನೊಂದಕ್ಕೆ ಹೊಂದುವುದಿಲ್ಲ. 400 ಮಿಲೀ ಸ್ಪ್ರೇ ಡಬ್ಬಿಯಾದರೆ ಇಷ್ಟು ಕಡು ಬಣ್ಣದಿಂದ ತಿಳಿಗೆ ಬರಲು ನಾಲ್ಕೈದು ಬೇಕು, ಒಂದೇ ಬ್ಯಾಚ್ ನಂಬರಿನವು. ವೈಸರ್ ಅಥವಾ ಆರ್ಮ್‌ರೆಸ್ಟ್ ಒಂದಕ್ಕೇ ಆದರೆ ಡಬ್ಬಿ ಒಳ್ಳೆಯದು, ಇಡೀ ಗಾಡಿಗೆ ಗನ್ನೇ ಸರಿ.

1.0ರಿಂದ 1.3 ಮಿಮೀ ನೋಜಲ್, ಗನ್ ಬಾಯಲ್ಲಿ 20 ಪಿಎಸ್‌ಐ ಆಸುಪಾಸು. ಕಂಪ್ರೆಸರ್‌ಗೆ ನೀರು ಹಿಡಿಯುವ ಫಿಲ್ಟರ್ ಇರಲೇಬೇಕು, ಟ್ಯಾಂಕಿನ ತಳದ ಕೊಳಾಯಿ ತಿರುಗಿಸಿ ನೀರು ಬಿಟ್ಟು ಶುರುಮಾಡಿ. ನಮ್ಮ ಕಡೆ ಟ್ಯಾಂಕಿನಲ್ಲಿ ನೀರು ಕಟ್ಟುವುದು ಬಯಲುಸೀಮೆಗಿಂತ ಹೆಚ್ಚು.

ಪ್ಯಾಡನ್ನು ನೆಲಕ್ಕೆ ಮಲಗಿಸದೆ ಸ್ವಲ್ಪ ವಾಲಿಸಿ ನಿಲ್ಲಿಸಿ. 20 ಸೆಂಮೀ ದೂರದಿಂದ, ಮೊದಲು ಪಟ್ಟಿಯ ತಗ್ಗು ಮತ್ತು ಅಂಚಿನ ಮಡಿಕೆಗಳಿಗೆ, ಆಮೇಲೆ ಬಯಲಿಗೆ. ಮೊದಲ ಕೋಟ್ ಮಂಜು ಕವಿದಂತೆ, ಹಳೆಯ ಬಣ್ಣ ಅರ್ಧಕ್ಕರ್ಧ ಕಾಣುತ್ತಿರಬೇಕು. ಅಲ್ಲೇ ಮುಚ್ಚಲು ಹೋದರೆ ಇಳಿಯುತ್ತದೆ. ಕೋಟ್ ನಡುವೆ 10–15 ನಿಮಿಷ, ನೀರಿನ ಬಣ್ಣವಾದರೆ ಮುಟ್ಟಿ ಒಣಗಿದೆ ಎಂದು ಖಚಿತವಾಗುವವರೆಗೆ. ಎರಡನೆಯ ಕೋಟ್ ಅಡ್ಡಕ್ಕೆ, ಮೂರನೆಯದು ಉದ್ದಕ್ಕೆ. ಕೈ ಅಂಚಿನಾಚೆ ದಾಟಿದ ಮೇಲೆ ಟ್ರಿಗರ್ ಬಿಡಿ. ಕೊನೆಯ ಕೋಟ್ ಆದಮೇಲೆ ಓರೆ ಬೆಳಕಿನಲ್ಲಿ ನೋಡಿದರೆ ರೆಕ್ಸಿನ್ನಿನ ಸಣ್ಣ ನೆರಿಗೆ ಮೊದಲಿದ್ದಂತೆಯೇ ಸ್ಪಷ್ಟವಾಗಿ ಕಾಣಬೇಕು. ಮಂಕಾಗಿದ್ದರೆ ಬಣ್ಣ ಹೆಚ್ಚಾಗಿದೆ.

ಪಟ್ಟಿ ನಡುವೆ ಹೊಳೆಯುವ ಕ್ರೋಮ್ ಗೆರೆ ಇದ್ದರೆ ಅದು ಪ್ಲಾಸ್ಟಿಕ್ ಪೊರೆಯೊಳಗಿನ ಲೋಹದ ಲೇಪ. ಥಿನ್ನರ್ ತಗುಲಿದರೆ ಕಪ್ಪಾಗುತ್ತದೆ. 3 ಮಿಮೀ ಫೈನ್‌ಲೈನ್ ಟೇಪ್‌ನಿಂದ ಮುಚ್ಚಿ, ಕೊನೆಯ ಕೋಟ್ ಆಗಿ 20 ನಿಮಿಷಕ್ಕೆ ಟೇಪನ್ನು ಹಿಂದಕ್ಕೆ ಮಡಚಿ ಎಳೆಯಿರಿ. ಪೂರ್ತಿ ಗಟ್ಟಿಯಾದ ಮೇಲೆ ಎಳೆದರೆ ಅಂಚು ಹರಿಯುತ್ತದೆ. ಲೋಹದ ಬೀಡಿಂಗ್ ಆದರೆ ಬಿಚ್ಚಲು ಹೋಗಬೇಡಿ, ಹಿಂಬದಿಯ ತಗಡಿನ ಕಿವಿಗಳು ಎರಡನೆಯ ಬಾರಿ ಬಗ್ಗಿಸಿದಾಗ ಮುರಿಯುತ್ತವೆ.

ನನ್ನ ಆಯ್ಕೆ 2ಕೆ ಪಿಯು, ಫ್ಲೆಕ್ಸ್ ಅಡಿಟಿವ್ ಡಬ್ಬಿಯಲ್ಲಿ ಹೇಳಿದಷ್ಟು. ಉಗುರು ಗೀರಿದರೂ ಜಗ್ಗುವುದಿಲ್ಲ, ಮೊಣಕೈ ಬೆವರಿಗೂ ಹೆದರುವುದಿಲ್ಲ.

ಕುಶನ್‌ವರ್ಕ್_ಕುಶಾಲನಗರ

2ಕೆ ಗಟ್ಟಿ, ಒಪ್ಪುತ್ತೇನೆ. ಮನೆಯ ಶೆಡ್ಡಿನಲ್ಲಿ ಮಾಡುವವರಿಗೆ ಮಾತ್ರ ನಾನು ಹೇಳುವುದಿಲ್ಲ. ಹಾರ್ಡನರ್‌ನಲ್ಲಿ ಐಸೊಸಯನೇಟ್ ಇದೆ, ಉಸಿರಿಗೆ ಹೋದರೆ ಆಸ್ತಮಾ ಹಿಡಿಸುವಂಥದ್ದು. ಬಟ್ಟೆ ಮಾಸ್ಕ್, ಧೂಳಿನ ಮಾಸ್ಕ್ ಯಾವುದೂ ಅದನ್ನು ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿ ಕೊಡುವ ಮಾಸ್ಕ್ ಇರುವ ಬೂತ್‌ನಲ್ಲೇ ಅದನ್ನು ಹೊಡೆಯಬೇಕು. ಅದು ತೇವಕ್ಕೂ ಸೂಕ್ಷ್ಮ. ಹಾರ್ಡನರ್ ನೀರಿನ ಜೊತೆ ಸೇರಿ ಗುಳ್ಳೆ ಬಿಡುತ್ತದೆ. ಆಮೇಲೆ ದುರಸ್ತಿಯ ಪ್ರಶ್ನೆ: ಒಂದು ಗೀರು ಬಿದ್ದರೆ ನೀರಿನ ಬಣ್ಣವನ್ನು ಸ್ಪಂಜಿನಲ್ಲಿ ಅದ್ದಿ ಅಲ್ಲಿಗಷ್ಟೇ ತಟ್ಟಿ ಮುಚ್ಚಬಹುದು, 2ಕೆ ಆದರೆ ಇಡೀ ಪ್ಯಾಡ್ ಮತ್ತೆ ಹೊಡೆಯಬೇಕು.

ಈ ಗಾಡಿಗೆ, ಕೆಂಪು ಬಿಡುವ ರೆಕ್ಸಿನ್‌ಗೆ, ಪೂರ್ತಿ ನೀರಿನ ಪಿಯು ಸಾಕು. ಕ್ರಾಸ್‌ಲಿಂಕರ್ ಡಬ್ಬಿಯ ಮೇಲೆ ಹೇಳಿದ ಅಳತೆಯಲ್ಲಿ ಹಾಕಿ, ಸಾಮಾನ್ಯವಾಗಿ 2ರಿಂದ 5 ಶೇಕಡಾ. ಹಾಕದಿದ್ದರೆ ಬಣ್ಣ ಒದ್ದೆ ಬಟ್ಟೆಗೆ ಬರುತ್ತದೆ. ಕಲಸಿದ್ದನ್ನು ಅದೇ ದಿನ ಬಳಸಿ. ಕ್ರಾಸ್‌ಲಿಂಕರ್ ಮುಟ್ಟುವಾಗ ನೈಟ್ರೈಲ್ ಕೈಗವಸು, ಸ್ಪ್ರೇ ಮಾಡುವಾಗ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಮಾಸ್ಕ್ ಇರಲಿ. ಥಿನ್ನರ್ ಬಳಸುವವರು ಬಚ್ಚಲ ಒಲೆ ಉರಿಯುವ ಮಗ್ಗುಲಲ್ಲಿ ಖಂಡಿತ ಮಾಡಬಾರದು. ಆವಿ ಗಾಳಿಗಿಂತ ಭಾರ, ನೆಲದ ಮೇಲೇ ಹರಿದು ಬೆಂಕಿಯ ತನಕ ಹೋಗುತ್ತದೆ.

ಗೋಣಿಕೊಪ್ಪ_ಗನ್

ಬೂತ್ ಇಲ್ಲದವರು 2ಕೆ ಮುಟ್ಟಬಾರದು ಅನ್ನುವುದಕ್ಕೆ ನನ್ನದೂ ಸಹಿ. ಆದರೆ ಆರ್ಮ್‌ರೆಸ್ಟ್ ಮತ್ತು ಬಾಗಿಲ ಮೇಲಂಚು, ಕೈ ಸದಾ ಉಜ್ಜುವ ಜಾಗ, ಅಲ್ಲಿ ನೀರಿನ ಬಣ್ಣದ ಮೇಲೆ ಮ್ಯಾಟ್ ಟಾಪ್ ಕೋಟ್ ಎರಡು ಕೈ ಹೆಚ್ಚು ಕೊಡಿ.

ಹೆರಾಲ್ಡ್_ಮಡಿಕೇರಿ

ಹೊಳಪಿನ ಬಗ್ಗೆ. ಆ ಕಾಲದ ರೆಕ್ಸಿನ್‌ಗೆ ಅರೆಮಂಕು ಹೊಳಪು ಇತ್ತು. ಮಿರಮಿರ ಹೊಳೆಯುವ ಫಿನಿಶ್ ಹೊಡೆದರೆ ಎಷ್ಟೇ ಶ್ರಮ ಹಾಕಿದ್ದರೂ ಬಣ್ಣ ಬಳಿದದ್ದು ಎಂದು ಬಾಗಿಲು ತೆಗೆದ ಕೂಡಲೇ ಗೊತ್ತಾಗುತ್ತದೆ. ಹಳೆಯ ರೆಕ್ಸಿನ್ ಬಿಸಿಲು ಕಾಣದೆ ಉಳಿದಿರುವುದು ಆರ್ಮ್‌ರೆಸ್ಟ್ ಅಡಿಯಲ್ಲಿ, ಹ್ಯಾಂಡಲ್ ಬಿಲ್ಲೆಯ ಕೆಳಗೆ. ಹೊಳಪಿನ ಮಾದರಿಗೆ ಅದನ್ನೇ ನೋಡಿ. ಡ್ಯಾಶ್ ಮೇಲಿನ ಪ್ಯಾಡ್‌ಗೂ ಬಣ್ಣ ಹಾಕುವುದಾದರೆ ಪೂರ್ತಿ ಮ್ಯಾಟ್ ಮತ್ತು ಕಡು ಛಾಯೆ ಇರಲಿ. ತಿಳಿ ಟ್ಯಾನ್ ವಿಂಡ್‌ಶೀಲ್ಡ್‌ನಲ್ಲಿ ಪ್ರತಿಫಲಿಸಿ, ಮಂಜಿನಲ್ಲಿ ಘಾಟಿ ಇಳಿಯುವಾಗ ರಸ್ತೆ ಕಾಣಲು ತೊಂದರೆ ಕೊಡುತ್ತದೆ.

ಟ್ಯಾನ್ ಹೊಂದಿಸುವಾಗ ಸೀಟಿನ ರೆಕ್ಸಿನ್ ತುಂಡನ್ನು ಗಾಡಿಯೊಳಗೇ ಇಟ್ಟು, ಮೋಡದ ಬೆಳಕಿನಲ್ಲೂ ಬಿಸಿಲಲ್ಲೂ ನೋಡಿ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಸರಿ ಕಂಡದ್ದು ಹೊರಗೆ ಹಸಿರಾಗಬಹುದು. ನೀರಿನ ಬಣ್ಣ ಒಣಗಿದ ಮೇಲೆ ಒಂದು ಛಾಯೆ ಕಡುವಾಗುತ್ತದೆ, ಅದಕ್ಕೆ ರೆಕ್ಸಿನ್ ತುಂಡಿನ ಮೇಲೆ ಬಳಿದು ಒಣಗಿಸಿಯೇ ತೀರ್ಮಾನ ಮಾಡಿ.

ಕಾಗದಪತ್ರದ ಸಂಶಯ ಯಾರಿಗಾದರೂ ಇದ್ದರೆ: ಹೊರಮೈ ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ತಿದ್ದಿಸಬೇಕು, ಒಳಗಿನ ರೆಕ್ಸಿನ್ ಬಣ್ಣ ಆರ್‌ಸಿಯಲ್ಲಿ ಇರುವುದೇ ಇಲ್ಲ. 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಇದೆ, ಅದಕ್ಕೆ ಮೂಲ ರೂಪ ಉಳಿದಿರಬೇಕು. ಆ ದಾರಿಯಲ್ಲಿ ಹೋಗುವ ಆಲೋಚನೆ ಇದ್ದರೆ ಮರೂನ್ ಪ್ಯಾಡ್‌ಗಳ ಫೋಟೋಗಳನ್ನು ಬಿಚ್ಚುವ ಮುಂಚೆ ತೆಗೆದಿಡಿ.

ಅಂಬಾಸಿಡರ್_ಸಿದ್ದಾಪುರ

ಇದೇ ಬಣ್ಣವನ್ನು ಸೀಟಿಗೂ ರೂಫ್ ಲೈನಿಂಗ್‌ಗೂ ಹೊಡೆಯಬಹುದೇ? ಅಂಬಾಸಿಡರ್‌ನ ಹಿಂದಿನ ಸೀಟ್ ಚೆನ್ನಾಗಿದೆ, ಬಣ್ಣ ಮಾತ್ರ ಮಾಸಿದೆ.

ಕುಶನ್‌ವರ್ಕ್_ಕುಶಾಲನಗರ

ಬಳಸುವ ಸೀಟಿಗೆ ಬೇಡ. ಕೂತೆದ್ದು ಮಡಚುವ ಜಾಗದಲ್ಲಿ ಹೊಲಿಗೆಯ ಪಕ್ಕ ಒಡೆಯುತ್ತದೆ. ಮಾಸಿದ ಬಣ್ಣವನ್ನು ಅದೇ ಬಣ್ಣದಲ್ಲಿ ತೆಳುವಾಗಿ ತಾಜಾ ಮಾಡಬಹುದು, ಒಡೆದರೂ ಕೆಳಗೆ ಅದೇ ಬಣ್ಣ ಇರುವುದರಿಂದ ಕಾಣುವುದಿಲ್ಲ. ತೂತು ಇರುವ ರೂಫ್ ಲೈನಿಂಗ್‌ಗೆ ಸ್ಪ್ರೇ ಮಾಡಿದರೆ ತೂತುಗಳು ಮುಚ್ಚಿ ಹಾಳೆ ಜೋತು ಬೀಳುತ್ತದೆ.

ಪದ್ಮಿನಿ_ಪೊನ್ನಂಪೇಟೆ

ಬಣ್ಣ ಕಚ್ಚಿದೆಯೋ ಇಲ್ಲವೋ ಎಂದು ಪ್ಯಾಡ್ ಹಾಕುವ ಮುಂಚೆ ತಿಳಿಯುವುದು ಹೇಗೆ? ಹಾಳಾದರೆ ಗುರುತು ಹಿಡಿಯುವುದು ಹೇಗೆ?

ಗೋಣಿಕೊಪ್ಪ_ಗನ್

ಮೊದಲು ವೈಸರ್‌ನ ಹಿಂಬದಿಯಲ್ಲಿ ಇಡೀ ಕ್ರಮ ಮಾಡಿ ನೋಡಿ: ತೊಳೆಯುವುದು, ಬೂದು, ಟ್ಯಾನ್, ಟಾಪ್ ಕೋಟ್. ಮೂರು ದಿನ ಬಿಟ್ಟು ಬ್ಲೇಡ್‌ನಿಂದ 2 ಮಿಮೀ ಅಂತರದಲ್ಲಿ ಅಡ್ಡಡ್ಡ ಉದ್ದುದ್ದ ಆರಾರು ಗೆರೆ ಎಳೆಯಿರಿ. ಬಣ್ಣ ಮಾತ್ರ ಕತ್ತರಿಸಬೇಕು. ಪ್ಯಾಕಿಂಗ್ ಟೇಪ್ ಒತ್ತಿ ಹಚ್ಚಿ ಝಟ್ಟನೆ ಎಳೆಯಿರಿ. ಚೌಕಗಳು ಟೇಪಿಗೆ ಬಂದರೆ ಮತ್ತೆ ತೊಳೆಯುವ ಹಂತಕ್ಕೆ ಹೋಗಿ.

ಗುರುತುಗಳು ಹೀಗೆ. ಒದ್ದೆ ಬಣ್ಣ ದುಂಡಗೆ ಸರಿದು ಮೀನಿನ ಕಣ್ಣಿನಂಥ ಕುಳಿ ಬಿದ್ದರೆ ಸಿಲಿಕೋನ್. ಮೇಲೆ ಇನ್ನಷ್ಟು ಬಣ್ಣ ಸುರಿದು ಮುಚ್ಚಲು ಹೋಗಬೇಡಿ, ಒದ್ದೆ ಇರುವಾಗಲೇ ಒರೆಸಿ ತೆಗೆದು ಮತ್ತೆ ಸ್ವಚ್ಛ ಮಾಡಿ. ಹಾಲುಬಿಳಿ ಬಂದರೆ ತೇವ. ಥಿನ್ನರ್ ಬಣ್ಣವಾದರೆ ನಿಧಾನವಾಗಿ ಆರುವ ರಿಟಾರ್ಡರ್ ಬೆರೆಸಿ, ಒಣಹವೆಯ ದಿನ ತೆಳು ಮಂಜು ಹೊಡೆದರೆ ಬಹಳ ಮಟ್ಟಿಗೆ ತಿಳಿಯಾಗುತ್ತದೆ. ಮರಳು ಮರಳಾಗಿದ್ದರೆ ಗನ್ ದೂರ ಇತ್ತು, ಬಣ್ಣ ಗಾಳಿಯಲ್ಲೇ ಆರಿದೆ. ವಾರವಾದರೂ ಅಂಟಂಟಾಗಿದ್ದರೆ ಪ್ಲಾಸ್ಟಿಸೈಸರ್ ಮೇಲೆ ಬರುತ್ತಿದೆ, ಅಥವಾ ದಪ್ಪ ಕೋಟ್‌ನೊಳಗೆ ದ್ರಾವಕ ಸಿಕ್ಕಿಕೊಂಡಿದೆ. ದೊಡ್ಡ ಹಾಳೆಯಾಗಿ ಸುಲಿದು ಬಂದರೆ ಸೋಪು ಉಳಿದಿತ್ತು.

ಅಂಬಾಸಿಡರ್_ಸಿದ್ದಾಪುರ

ವಾಪಸ್ ಹಾಕುವಾಗ ಹಳೆಯ ಕ್ಲಿಪ್ ಬಳಸಬೇಡಿ. ಒಂದನ್ನು ಮಾದರಿಗೆ ಒಯ್ದು ಅದೇ ಅಳತೆಯ ಹೊಸದು ತನ್ನಿ, ತಗಡಿನ ರಂಧ್ರದ ತುಕ್ಕು ಉಜ್ಜಿ ಪ್ರೈಮರ್ ಹಚ್ಚಿ, ಕ್ಲಿಪ್ಪಿಗೆ ಗ್ರೀಸ್ ಸವರಿ. ಹ್ಯಾಂಡಲ್ ಬಿಲ್ಲೆ ಮತ್ತು ಹೊಸ ಬಣ್ಣದ ನಡುವೆ ತೆಳು ಪ್ಲಾಸ್ಟಿಕ್ ವಾಷರ್ ಕೊಡಿ, ಇಲ್ಲದಿದ್ದರೆ ಗಾಜು ಏರಿಸಿ ಇಳಿಸುವಾಗ ಉಂಗುರದ ಆಕಾರದಲ್ಲಿ ಮರೂನ್ ಇಣುಕುತ್ತದೆ.

ರೆಕ್ಸಿನ್ ಮಡಿಕೆಯನ್ನು ಬೋರ್ಡಿಗೆ ಅಂಟಿಸಲು ಫೆವಿಕಾಲ್ ಎಸ್‌ಆರ್ 998 ಬಳಸುವವರು ಎರಡೂ ಕಡೆ ತೆಳುವಾಗಿ ಬಳಿದು, ಕೈಗೆ ಅಂಟದಷ್ಟು ಆರಿದ ಮೇಲೆ ಒತ್ತಿ. ಪ್ಲಾಸ್ಟಿಸೈಸರ್ ಈ ಗೋಂದನ್ನೂ ಕಾಲಕ್ರಮೇಣ ಮೆತ್ತಗೆ ಮಾಡುತ್ತದೆ, ಹಾಗಾಗಿ ಕೆಳ ಅಂಚಿಗೆ ಸಣ್ಣ ಸ್ಟೇಪಲ್ ಪಿನ್‌ಗಳನ್ನೂ ಹೊಡೆಯಿರಿ. ಸ್ಟೇನ್‌ಲೆಸ್ ಪಿನ್ ಸಿಕ್ಕರೆ ಉತ್ತಮ.

ಪದ್ಮಿನಿ_ಪೊನ್ನಂಪೇಟೆ

ಜನವರಿಗೆ ಇಟ್ಟುಕೊಳ್ಳುತ್ತೇನೆ. ಈಗ ಮಳೆಗಾಲದಲ್ಲಿ ಬೋರ್ಡ್ ದುರಸ್ತಿ, ತೊಳೆಯುವುದು ಮಾಡಿ ಮುಗಿಸಿಡಬಹುದೇ?

ಕುಶನ್‌ವರ್ಕ್_ಕುಶಾಲನಗರ

ಬೋರ್ಡ್ ದುರಸ್ತಿ, ಮೊದಲ ಸಿಲಿಕೋನ್ ಒರೆಸುವಿಕೆ ಈಗ ಮಾಡಿ. ವಾರ್ನಿಶ್ ಮಳೆ ನಿಂತ ಮೇಲೆ, ಕಾವೇರಿ ಸಂಕ್ರಮಣ (ಅಕ್ಟೋಬರ್ ನಡುಭಾಗ) ಕಳೆದು ಬಿಸಿಲು ಬಿದ್ದಾಗ. ತೇವ ತುಂಬಿದ ಬೋರ್ಡಿಗೆ ವಾರ್ನಿಶ್ ಬಳಿದರೆ ತೇವವನ್ನು ಒಳಗೇ ಬೀಗ ಹಾಕಿ ಕೂರಿಸಿದಂತೆ. ಕೊನೆಯ ತೊಳೆತ ಬಣ್ಣದ ಹಿಂದಿನ ದಿನ, ಬಣ್ಣದ ದಿನ ಬೆಳಿಗ್ಗೆ ಐಸೊಪ್ರೊಪೈಲ್‌ನಿಂದ ಒಂದು ಸಲ ಒರೆಸಿ, ಆಮೇಲೆ ಬರಿಗೈ ತಾಗಿಸಬಾರದು. ಅಲ್ಲಿಯವರೆಗೆ ಪ್ಯಾಡ್‌ಗಳನ್ನು ಅಟ್ಟದ ಮೇಲೆ, ಹೊಗೆ ತಾಗದ ಕಡೆ, ಒಂದಕ್ಕೊಂದು ಒರಗದಂತೆ ಚಪ್ಪಟೆಯಾಗಿ ಇಡಿ. ರೆಕ್ಸಿನ್ ಮುಖಕ್ಕೆ ಮುಖ ಇಟ್ಟರೆ ಪಟ್ಟಿಯ ಅಚ್ಚು ಒಂದರ ಮೇಲೊಂದು ಬೀಳುತ್ತದೆ.

ಬಣ್ಣ ಆಗಿ 48 ಗಂಟೆಗೆ ಪ್ಯಾಡ್ ಕೂರಿಸಬಹುದು. ಒಂದು ವಾರ ನೀರು ತಾಗಿಸಬೇಡಿ, ಗಾಜು ಬೆರಳಷ್ಟು ಇಳಿಸಿಡಿ. ಮೊದಲ ತಿಂಗಳು ಒಣ ಬಟ್ಟೆ ಮಾತ್ರ, ಆಮೇಲೂ ಸಿಲಿಕೋನ್ ಪಾಲಿಶ್ ಹತ್ತಿರ ತರಬೇಡಿ. ಉಳಿದ ಟ್ಯಾನ್‌ಗೆ ಕ್ರಾಸ್‌ಲಿಂಕರ್ ಸೇರಿಸದೆ, ಬಾಯಿಯವರೆಗೆ ತುಂಬುವ ಚಿಕ್ಕ ಗಾಜಿನ ಬಾಟಲಿಗೆ ಹಾಕಿ ಮುಚ್ಚಿಡಿ. ದೊಡ್ಡ ಡಬ್ಬಿಯಲ್ಲಿ ಅರ್ಧ ಬಿಟ್ಟರೆ ಒಳಗಿನ ಗಾಳಿಗೆ ಕೆನೆ ಕಟ್ಟುತ್ತದೆ. ಆರ್ಮ್‌ರೆಸ್ಟ್ ಸವೆದಾಗ ತಟ್ಟಿಕೊಳ್ಳಲು ಅದೇ ಬೇಕಾಗುತ್ತದೆ.